ಹಸಿ ಸೌದೆಗೆ ಊದುವ ಉಸಿರು

ಎಂಬತ್ತೊಂದನೇ ಇಸವಿಯ ಬೇಸಿಗೆ. ಬಡವನಹಳ್ಳಿಯ ನನ್ನ ಅಂಗಡಿಯಲ್ಲಿ ಕೂತು ಒಂದು ಕಿವಿಯೋಲೆಗೆ ಬೆಸುಗೆ ಹಾಕುತ್ತಿದ್ದೆ. ಬಾಯಲ್ಲಿದ್ದ ಊದುಗೊಳವೆ ಉಪ್ಪುಪ್ಪಾಯಿತು. ತೆಗೆದು ನೋಡಿದೆ.

ರಕ್ತ.

ಕೆಮ್ಮು ವರ್ಷದಿಂದ ಇತ್ತು. ಇದ್ದಿಲು, ಹೊಗೆ, ಆ್ಯಸಿಡ್‌ಗಳ ನಡುವೆ ಕೂರುವ ಅಕ್ಕಸಾಲಿಗನಿಗೆ ಕೆಮ್ಮೇನು ಮಹಾ ಎಂದು ಉಡಾಫೆ ಮಾಡಿದ್ದೆ. ತಿಂಗಳೊಳಗೆ ಇನ್ನೂ ಮೂರು ಸಲ ರಕ್ತ ಬಂತು. ಕೊನೆಯ ಸಲ ಅರ್ಧ ಚೊಂಬು. ಮಧುಗಿರಿಯ ಡಾಕ್ಟರು ಎಕ್ಸ್‌ರೇ ನೋಡಿ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಹೆಂಡತಿ ಕಾಳಮ್ಮ ಜೊತೆಗೆ ಬಂದಳು.

ಅಲ್ಲಿನ ಸರ್ಜನ್ ಮುಚ್ಚುಮರೆ ಮಾಡಲಿಲ್ಲ. ಎಡ ಶ್ವಾಸಕೋಶದ ಕೆಳಭಾಗ ಕೆಟ್ಟಿದೆ, ತೆಗೆಯಬೇಕು. ಬಿಟ್ಟರೆ ಮುಂದಿನ ಸಲ ರಕ್ತ ಉಕ್ಕಿದಾಗ ಉಸಿರು ಕಟ್ಟಿ ಪ್ರಾಣವೇ ಹೋಗಬಹುದು. ಆದರೆ ತೆಗೆದ ಮೇಲೆ ಉಳಿದದ್ದು ಸಾಕಾಗುತ್ತದೆಯೇ ಎಂದು ಮೊದಲು ಲಂಗ್ ಫಂಕ್ಷನ್ ಟೆಸ್ಟ್ ಮಾಡಿ ನೋಡಬೇಕು ಎಂದರು.

ಊದುವ ಪರೀಕ್ಷೆ ಎಂದು ಗೊತ್ತಾದಾಗ ಒಳಗೊಳಗೇ ಹಿಗ್ಗಿದೆ. ಇಪ್ಪತ್ತೈದು ವರ್ಷ ಊದಿಯೇ ಅನ್ನ ತಿಂದವನು ನಾನು. ಮೂಗಿಗೆ ಕ್ಲಿಪ್ ಹಾಕಿ ಬಾಯಿಗೆ ರಬ್ಬರ್ ಕೊಳವೆ ಕೊಟ್ಟರು. ಟೆಕ್ನೀಷಿಯನ್ "ಜೋರಾಗಿ ಊದಿ" ಎಂದ. ಬೆಸುಗೆಯ ಉರಿ ಅಲುಗದಂತೆ ಊದುವ ಹಾಗೆ, ಕೆನ್ನೆ ಉಬ್ಬಿಸಿ, ಸಣ್ಣಗೆ, ಒಂದೇ ಸಮ ಊದಿದೆ. ಮೂರು ಸಲವೂ ಹಾಗೇ. ಯಂತ್ರದ ಪೆನ್ನು ಕಾಗದದ ಮೇಲೆ ಎಳೆದ ನಯವಾದ ಗೆರೆ ನೋಡಿ ನನಗೆ ನಾನೇ ಭೇಷ್ ಅಂದುಕೊಂಡೆ.

ಸರ್ಜನ್ ಗೆರೆ ನೋಡಿ ಕನ್ನಡಕ ತೆಗೆದರು.

"ಮೊದಲನೇ ಸೆಕೆಂಡಿನಲ್ಲಿ ಗಾಳಿ ಹೊರಗೆ ಬರ್ತಾನೇ ಇಲ್ಲ. ಇಷ್ಟು ಉಸಿರಲ್ಲಿ ಆಪರೇಷನ್ ತಡ್ಕೊಳ್ಳಲ್ಲ. ನಾನು ಮಾಡಲಾರೆ."



ಬಾಗಿಲ ಬಳಿ ನಿಂತು ಪರೀಕ್ಷೆಯನ್ನೆಲ್ಲ ನೋಡಿದ್ದ ಕಾಳಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಇವ್ರು ಊದಿದ್ದೇ ಸರಿಯಿಲ್ಲ ಸಾಮಿ. ಎಲ್ಲಿ ಬಂಗಾರ ಕರಗೋಯ್ತದೋ ಅನ್ನಂಗೆ ಉಸಿರು ಹಿಡ್ದು ಹಿಡ್ದು ಬುಟ್ಟವ್ರೆ. ಇನ್ನೊಂದ್ಸಲ ಊದ್ಸಿ."

ಆಮೇಲೆ ನನ್ನ ಕಡೆ ತಿರುಗಿದಳು.

"ಒಲೇಲಿ ಹಸಿ ಸೌದೆ ಹೊತ್ಕಳ್ದಿದ್ರೆ ನಾನು ಹೆಂಗೆ ಊದ್ತೀನಿ, ನೋಡಿಲ್ವಾ? ಅಂಗೆ. ಇದ್ದಿದ್ನೆಲ್ಲ ಒಂದೇ ಏಟ್ಗೆ ಬುಟ್ಬುಡಿ."

ಸರ್ಜನ್ ಗೆರೆಯ ಕಾಗದವನ್ನು ಪಕ್ಕಕ್ಕಿಟ್ಟರು. ನನ್ನನ್ನು ಮತ್ತೆ ಯಂತ್ರದ ಮುಂದೆ ಕೂರಿಸಿದರು. ಕೈಕಸುಬು ಕಲಿಸಿದ್ದನ್ನೆಲ್ಲ ಮರೆತು ಎದೆ ಖಾಲಿಯಾಗುವಂತೆ ಊದಿದೆ. ಪೆನ್ನು ಎಗರಿತು. ಸರ್ಜನ್ ಲೆಕ್ಕ ಹಾಕಿದರು. ಅಪಾಯವಿಲ್ಲ ಎನ್ನಲಿಲ್ಲ. ಕೆಳಭಾಗ ಹೋದರೂ ಉಳಿದದ್ದರಲ್ಲಿ ಬದುಕಬಹುದು ಎಂದರು.

"ಮಾಡೋಣ."

ಆಪರೇಷನ್ ಮುಗಿದು ಎಚ್ಚರವಾದಾಗ ಪಕ್ಕೆಯಲ್ಲಿ ಟ್ಯೂಬ್ ಇತ್ತು. ಕೆಮ್ಮಿದರೆ ಜೀವ ಹೋಗುವಷ್ಟು ನೋವು, ಆದರೂ ಕಫ ಕಟ್ಟದಿರಲು ಕೆಮ್ಮಲೇಬೇಕು ಎಂದು ನರ್ಸುಗಳು ಹೇಳುತ್ತಿದ್ದರು. ಕಾಳಮ್ಮ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದು, ನಾನು ಬೈದರೂ ಬಿಡದೆ ಕೆಮ್ಮಿಸಿದಳು.

ಈಗ ಎಂಟು ತಿಂಗಳಾಯಿತು. ರಕ್ತ ಮತ್ತೆ ಬಂದಿಲ್ಲ. ಬರುವುದೇ ಇಲ್ಲ ಎನ್ನುವ ಧೈರ್ಯ ಇನ್ನೂ ನನಗಿಲ್ಲ. ಬಸ್ಸಿಗೆ ಓಡಿದರೆ ಏದುಸಿರು. ಕೆಲಸ ಅರ್ಧ ದಿನ ಮಾತ್ರ.

ಹೋದ ವಾರ ಚೆಕಪ್‌ಗೆ ಹೋಗಿದ್ದೆವು. ಒಳಗೆ ಶಿರಾದ ಮುದುಕರೊಬ್ಬರು ಎಷ್ಟು ಹೇಳಿದರೂ ಸರಿಯಾಗಿ ಊದುತ್ತಿರಲಿಲ್ಲವಂತೆ. ಟೆಕ್ನೀಷಿಯನ್ ಹೊರಗೆ ಬಂದ. ನನ್ನ ಆರೋಗ್ಯ ಕೇಳಲಿಲ್ಲ.

"ಅಮ್ಮಾವ್ರೇ, ಒಂದ್ನಿಮಿಷ ಒಳಗೆ ಬರ್ತೀರಾ?"

ಅವಳು ಎದ್ದು ಹೋದಳು. ನಾನು ಬೆಂಚಿನ ಮೇಲೆ ಕೂತು, ಪಕ್ಕದವರೆಲ್ಲರಿಗೂ ಅವಳು ನನ್ನ ಹೆಂಡತಿ ಎಂದು ಹೇಳಿದೆ.