ಮುರಿಗೆಪ್ಪ ಯಾರ ಮಾತನ್ನೂ ನಂಬುವುದಿಲ್ಲ

ಮುಂಬಯಿಯ ಸಯನ್ ಸ್ಟೇಷನ್ನಿನಲ್ಲಿ ಮೊದಲ ಲೋಕಲ್‌ಗಳ ಸದ್ದು ಶುರುವಾಗುವ ಹೊತ್ತಿಗೆ ಮೆಕ್ಯಾನಿಕ್ ಮುರಿಗೆಪ್ಪ ಒಂದು ಪಿಕಪ್ ಟ್ರಕ್ಕಿನ ಅಡಿಯಲ್ಲಿ ಅಂಗಾತ ಮಲಗಿದ್ದಾರೆ. ಮುಂದಿನ ಚಕ್ರಗಳು ಜಾಕಿನ ಮೇಲೆ ನೆಲ ಬಿಟ್ಟು ನಿಂತಿವೆ. ಗಾಡಿಯ ಮಾಲೀಕ ನೀಲಕಂಠಪ್ಪ ಮಲಾಡಿನ ಕಾಳುಕಡಿ ವ್ಯಾಪಾರಿ; ಧಾರವಾಡದ ಕಡೆಯವರು. ಅವರು ಗಾಡಿಯ ಪಕ್ಕದಲ್ಲಿದ್ದರೆ, ಐದು ಹೆಜ್ಜೆ ದೂರದಲ್ಲಿ ಅವರ ಡ್ರೈವರ್, ಕರಾವಳಿಯ ದೂಜ, ಕೈಕಟ್ಟಿ ನಿಂತಿದ್ದಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ಗಾಡಿ ಮೂವತ್ತು ಮೈಲು ವೇಗ ಮುಟ್ಟಿದರೆ ಸ್ಟಿಯರಿಂಗ್ ಗಡಗಡ ನಡುಗುತ್ತದೆ, ಮುಂದಿನಿಂದ ಕಟಕಟ ಸದ್ದು ಬರುತ್ತದೆ. ಬೇರೊಂದು ಗ್ಯಾರೇಜಿನವರು ಕಿಂಗ್ ಪಿನ್ ಹೊಸದು ಹಾಕಿದೆವೆಂದರು. ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಆ ದಪ್ಪ ಮೊಳೆಯ ಮೇಲೆ. ಆದರೂ ನಡುಕ ನಿಲ್ಲದಿದ್ದಾಗ, "ನಿಮ್ಮ ಡ್ರೈವರ್ ಎಲ್ಲೋ ಗುದ್ದಿ ಮುಚ್ಚಿಟ್ಟಿದ್ದಾನೆ" ಎಂದುಬಿಟ್ಟರು. ನೀಲಕಂಠಪ್ಪ ಆಗಲೇ ಬೇರೆ ಡ್ರೈವರನನ್ನು ಗೊತ್ತುಮಾಡಿದ್ದಾರೆ. ಇವತ್ತು ಸಂಜೆಯೊಳಗೆ ದೂಜ ಕೆಲಸವನ್ನೂ, ತಾನು ವಾಸವಿರುವ ಗೋಡೌನ್ ಹಿಂದಿನ ಖೋಲಿಯನ್ನೂ ಬಿಡಬೇಕು.

"ನಾನು ಎಲ್ಲಿಯೂ ಗುದ್ದಲಿಲ್ಲ ಮಾರಾಯ್ರೆ," ಎನ್ನುತ್ತಾನೆ ದೂಜ.

"ಎಲ್ಲಾ ಡ್ರೈವರ್‌ಗೋಳೂ ಹಂಗ ಅಂತಾರ," ಅಡಿಯಿಂದಲೇ ಮುರಿಗೆಪ್ಪನವರ ಉತ್ತರ.

ಬಿಜಾಪುರ ಕಡೆಯ ಈ ಮನುಷ್ಯ ಯುದ್ಧದ ಕಾಲದಲ್ಲಿ ಮುಂಬಯಿಗೆ ಬಂದು ಮಿಲಿಟರಿ ಲಾರಿಗಳ ಡಿಪೋ ಸೇರಿದವರು. ಉರುಳದಂತೆ ಚಕ್ರಕ್ಕೆ ಕಲ್ಲು ಕೊಟ್ಟಿದೆ ಎಂದು ಜತೆಗಾರನೊಬ್ಬ ಹೇಳಿದ್ದನ್ನು ನಂಬಿ ಒಂದು ಸಲ ಗಾಡಿಯಡಿ ನುಸುಳಿದರು. ಕಲ್ಲು ಇರಲಿಲ್ಲ. ಗಾಡಿ ಉರುಳಿ ಎಡಗೈಯ ಎರಡು ಬೆರಳು ಹೋದವು. ಆ ಕೈ ನೋಡಿ ಮೂರು ಗ್ಯಾರೇಜಿನವರು ಕೆಲಸವಿಲ್ಲ ಎಂದರು. ಹೆಂಡತಿ ರಾಚವ್ವ ಎರಡು ವರ್ಷ ಚಾಳಿನ ಮನೆಗಳಿಗೆ ರೊಟ್ಟಿ ಬಡಿದು ಸಂಸಾರ ನಡೆಸಿದರು. ಈಗ ರಸ್ತೆಬದಿಯ ತಗಡಿನ ಚಪ್ಪರದಡಿ ದಿನಕ್ಕೆ ಮೂರು ಗಾಡಿ. ನಾಲ್ಕನೆಯದು ಬಂದರೆ ನಾಳೆ ಬಾ ಎನ್ನುತ್ತಾರೆ.

ಮುರಿಗೆಪ್ಪ ಹೊರಬಂದು ಬಲಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತಾರೆ. ಕಟಕ್.

"ಸಾವಕಾರ್ರ, ನೀವ ಹತ್ತಿ ಬ್ರೇಕ್ ತುಳೀರಿ. ಇವನ ಕಾಲಿನ ಮ್ಯಾಲೆ ನನಗ ಭರೋಸಾ ಇಲ್ಲ."

ದೂಜನ ಮುಖ ಕಪ್ಪಿಡುತ್ತದೆ. ನೀಲಕಂಠಪ್ಪ ಧೋತರ ಎತ್ತಿ ಹತ್ತುತ್ತಾರೆ. ಬ್ರೇಕ್ ತುಳಿದಾಗ ಅಲ್ಲಾಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್ ಪಿನ್ನಿನದು. ಅಲ್ಲಾಟ ನಿಲ್ಲುವುದಿಲ್ಲ.

"ಅದು ಹೊಸಾದು ಹಾಕ್ಯಾರಲ್ಲ," ಎನ್ನುತ್ತಾರೆ ಸಾವಕಾರರು. "ಇವನೂ ನೀವೂ ಕೂಡೀರೇನು?"

ಮುರಿಗೆಪ್ಪ ಸಿಟ್ಟಾಗುವುದಿಲ್ಲ. ಚಕ್ರ ತಿರುಗಿಸಿ ರಿಮ್ಮಿನ ಅಂಚಿಗೆ ಸುಣ್ಣದ ಕಡ್ಡಿ ಹಿಡಿಯುತ್ತಾರೆ. ಸುತ್ತಲೂ ಒಂದೇ ಸಮನೆ ಗೆರೆ ಬೀಳುತ್ತದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡೂ ಬದಿ ದಾರ ಹಿಡಿದು ಅಳೆಯುತ್ತಾರೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗುದ್ದಿದ ಗಾಡಿ ಹೀಗಿರುವುದಿಲ್ಲ. ಆಮೇಲೆ ಸುತ್ತಿಗೆ ಹಿಡಿದು ಪಿನ್ ಹೊಡೆದು ತೆಗೆಯುತ್ತಾರೆ. ಹೊರಗೆ ಹೊಸ ಗ್ರೀಸ್, ಒಳಗೆ ಸವೆದು ಹಳ್ಳಬಿದ್ದ ಹಳೆಯ ಪಿನ್. ಒರೆಸಿ ಸಾವಕಾರರ ಅಂಗೈಯಲ್ಲಿಡುತ್ತಾರೆ.

"ನನ್ನ ಮಾತ ನಂಬಬ್ಯಾಡ್ರಿ. ಉಗುರು ಆಡಿಸಿ ನೋಡ್ರಿ."

ಉಗುರು ಹಳ್ಳದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ನೀಲಕಂಠಪ್ಪ ಇನ್ನೊಮ್ಮೆ ಆಡಿಸುತ್ತಾರೆ, ಮತ್ತೆ ಸಿಕ್ಕಿಕೊಳ್ಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಎರಡೂ ಬದಿಗೆ ಹೊಸ ಪಿನ್ ಕೂರಿಸಿ, ಓಡಿಸಿ ನೋಡಲು ಮೂವರೂ ಹತ್ತಿ, ಬಾಂದ್ರಾದ ಕಡೆಗೆ ಗಾಡಿ ಹೊರಡುತ್ತದೆ. ದೂಜ ಓಡಿಸುತ್ತಾನೆ. ಮೂವತ್ತು, ಮೂವತ್ತೈದು. ಸಾವಕಾರರು ಕೈಚಾಚಿ ಸ್ಟಿಯರಿಂಗ್ ಮುಟ್ಟಿ ನೋಡುತ್ತಾರೆ. ನಡುಕವಿಲ್ಲ. ಕೈ ಹಿಂದೆ ತೆಗೆದು ಹೇಳುತ್ತಾರೆ: "ನಾಳೆ ಲಗೂನ ಬಾ, ದೂಜ. ಮಾಲು ಭಾಳ ಅದ."

ದೂಜ ತಲೆಯಾಡಿಸಿ ಗಾಡಿಯನ್ನು ಹಿಂದಕ್ಕೆ ತಿರುಗಿಸುತ್ತಾನೆ.

"ನಾನೂ ಆ ಹುಡುಗನ ಮ್ಯಾಲೆ ಸಂಶಯಾ ಪಟ್ಟೀನಿ, ಸುಳ್ಳ್ಯಾಕ ಹೇಳ್ಲಿ," ಚಪ್ಪರಕ್ಕೆ ಮರಳಿ ಕೈಗೆ ಸೀಮೆಎಣ್ಣೆ ಹಚ್ಚಿ ತೊಳೆಯುತ್ತ ಮುರಿಗೆಪ್ಪ ಹೇಳುತ್ತಾರೆ. "ಆದ್ರ ಬಿಚ್ಚಿ ನೋಡೂದಕ್ಕಿಂತ ಮೊದ್ಲ ತೀರ್ಪು ಕೊಡಲಿಲ್ಲ."

ಏನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ಚಪ್ಪರದ ಉಬ್ಬುತಗ್ಗಿನ ಮಣ್ಣನ್ನು ಕಾಲಿನಿಂದ ತೋರಿಸುತ್ತಾರೆ. "ಒಂದು ಗಾಡಿ ನಿಲ್ಲೂವಷ್ಟು ಸಪಾಟ ಸಿಮೆಂಟ್ ನೆಲ ಆದ್ರ ಸಾಕ್ರಿ. ಈ ಮಣ್ಣಿನ ಮ್ಯಾಲೆ ದಾರ ಹಿಡದು ಅಳದ್ರ ನನ್ನ ಅಳತೀನ ನಾ ಮೂರು ಸಲ ನೋಡಬೇಕಾಗತೈತಿ."