ಮಾರಕ್ಕನಿಗೆ ಕೊಟ್ಟ ಮಾತ್ರೆ

ಮಾರಕ್ಕನ ಎದೆ ಹೊಡೆದುಕೊಳ್ಳುತ್ತಿರುವುದು ತಾನು ಕೊಟ್ಟ ಮಾತ್ರೆಯಿಂದಲೇ ಇರಬಹುದೆ ಎಂಬ ಯೋಚನೆ ಬೆಳಗಿನಿಂದ ವೇಣಿಯ ಬೆನ್ನು ಬಿಟ್ಟಿರಲಿಲ್ಲ. ಮಗಳಿಗೆ ರಾಗಿ ಸರಿ ತಿನ್ನಿಸುವಾಗ ಚಮಚ ಬಾಯಿಗೆ ಹೋಗುವ ಬದಲು ಕೆನ್ನೆಗೆ ಹೋಯಿತು. ಹಾಲು ಉಕ್ಕಿತು. ಗಂಡ ಬಾಲಾಜಿ ಆಫೀಸಿಗೆ ಹೊರಡುತ್ತಾ "ಏನಾಯ್ತೆ?" ಎಂದದ್ದಕ್ಕೆ "ಏನಿಲ್ಲ" ಎಂದಳು. ಅವಳು ಏನಿಲ್ಲ ಎಂದರೆ ಏನೋ ಇದೆ ಎಂದು ಅವನಿಗೂ ಗೊತ್ತು. ಆದರೆ ಕೆಳಗೆ ಕ್ಯಾಬ್ ಹಾರನ್ ಹೊಡೆಯುತ್ತಿತ್ತು.

ನಿನ್ನೆ ಸಂಜೆ ಮಾರಕ್ಕನ ಮಗ ಲೋಕೇಶ್ ಅಪಾರ್ಟ್‌ಮೆಂಟಿಗೆ ನೀರಿನ ಟ್ಯಾಂಕರ್ ತಂದಿದ್ದ. ಪೈಪು ಸಿಕ್ಕಿಸುತ್ತಾ, "ಅಮ್ಮಂಗೆ ಎದೆ ಡವಡವ ಅಂತೈತಂತಕ್ಕ. ನಿದ್ದೇನೂ ಇಲ್ಲ, ಬರೀ ಬೆವರು. ಐಸಿಯುನಾಗೆ ಇದ್ದು ಬಂದ ಮೈಯಲ್ವಾ, ಅಂಗೇ ಇರ್ತದೇನೋ" ಎಂದಿದ್ದ. ವೇಣಿ ತಲೆಯಾಡಿಸಿದ್ದಳು. ಮಾತ್ರೆಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಮಾರಕ್ಕನನ್ನು ಮೊದಲು ಕಂಡದ್ದು ಯಾವಾಗ ಎಂದರೆ ವೇಣಿಗೆ ಹೇಳಲು ಬರುವುದಿಲ್ಲ. ಮಾರತ್ತಹಳ್ಳಿಯ ತವರುಮನೆಯ ಬಾಗಿಲಿನಷ್ಟೇ ಹಳಬಳು ಅವಳು. ಇಂಗ್ಲಿಷ್ ಮೀಡಿಯಂ ಶಾಲೆಯ ಟೈ ಕಟ್ಟಿಕೊಳ್ಳುತ್ತಿರುವಾಗ ಬೀದಿಯ ಆ ತುದಿಯಲ್ಲಿ "ಸೊಪ್ಪೇ, ದಂಟು, ಕೀರೆ, ಸಬ್ಬಸಿಗೇ" ಎಂಬ ಕೂಗು ಕೇಳಿದರೆ ವ್ಯಾನ್ ಬರಲು ಇನ್ನೂ ಹೊತ್ತಿದೆ ಎಂದು ಅರ್ಥ. ಕೂಗು ಗೇಟಿನ ಹತ್ತಿರ ಬಂದಿತೆಂದರೆ ಓಡಬೇಕು. ಬೆಳ್ಳಂದೂರು ಕೆರೆಯ ಏರಿಯ ಕೆಳಗೆ ಯಾರದೋ ಗದ್ದೆಯ ಒಂದು ತುಂಡನ್ನು ಗುತ್ತಿಗೆಗೆ ಹಿಡಿದು ಮಾರಕ್ಕ ಸೊಪ್ಪು ಬೆಳೆಯುತ್ತಿದ್ದಳು. ಕೊಯ್ದು, ಬಾಳೆನಾರಿನಲ್ಲಿ ಕಂತೆ ಕಟ್ಟಿ, ನೀರು ಚಿಮುಕಿಸಿದ ಬುಟ್ಟಿ ಹೊತ್ತು ಬರುವಾಗ ಅವಳ ಕತ್ತಿನ ಮೇಲೆ ಹನಿಗಳು ಇಳಿಯುತ್ತಿದ್ದವು.

ವೇಣಿಯ ಅಮ್ಮ ಕಂತೆಯನ್ನು ಮೂಗಿಗೆ ಹಿಡಿದು, "ಕೆರೆ ನೀರಿನ ಸೊಪ್ಪು. ಎಷ್ಟು ಸಲ ತೊಳೀಬೇಕೋ" ಎನ್ನುವಳು.

"ತೊಳೀರವ್ವ. ನಿಮ್ಮನೇಲಿ ನಲ್ಲಿ ನೀರು ಬತ್ತೈತೆ ಅಂತ ಬೀದೀಗೆಲ್ಲಾ ಗೊತ್ತಾಗ್ಬೇಕಲ್ಲ."

"ಕೊಸರು ಹಾಕು ಮತ್ತೆ."

"ನಿಮಗ್ಯಾಕೆ? ಕೊಸರು ಪಾಪಂಗೆ" ಎಂದು ಮಾರಕ್ಕ ಒಂದು ಹಿಡಿ ಕೊತ್ತಂಬರಿಯನ್ನು ವೇಣಿಯ ಕೈಗೇ ಕೊಡುವಳು. ಎಷ್ಟೋ ದಿನ ವೇಣಿಯ ಶಾಲೆಯ ಪುಸ್ತಕಗಳು ಕೊತ್ತಂಬರಿಯ ವಾಸನೆ ಹೊಡೆಯುತ್ತಿದ್ದವು.

ಆಮೇಲೆ ಕೆರೆ ನೊರೆಯೆದ್ದಿತು, ರಸ್ತೆ ಅಗಲವಾಯಿತು, ಗದ್ದೆಯ ಯಜಮಾನರು ಮಾರಿಕೊಂಡರು. ಗಾಜಿನ ಕಟ್ಟಡಗಳು ಎದ್ದವು. ಮಾರಕ್ಕ ಅದನ್ನು ಗೋಳಾಗಿ ಹೇಳಿದ್ದನ್ನು ವೇಣಿ ಕೇಳಿಲ್ಲ. "ನನ್ ದಂಟು ಮೊಣಕಾಲುದ್ದ ಮ್ಯಾಕ್ಕೆ ಬರೋದು. ಇವ್ರು ಅದೇ ಜಾಗದಾಗೆ ಮೂರಾಳುದ್ದ ಕೆಳಕ್ಕೆ ಓಗಿ ಕಾರು ನಿಲ್ಲಿಸ್ತಾರೆ. ಯಾರ್ದು ದೊಡ್ಡ ಬೆಳೆ ಏಳು?" ಎಂದು ನಗುತ್ತಿದ್ದಳು. ಬುಟ್ಟಿ ಇಳಿಸಿದ ತಲೆಗೆ ಬೇರೆ ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಸುತ್ತ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಹೆರಿಗೆಗಳಾಗುತ್ತಿದ್ದವು. ಅಜ್ಜಿಯರು ದೂರದ ಊರುಗಳಲ್ಲಿದ್ದರು. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವ, ಬಾಣಂತಿಗೆ ಸಾಂಬ್ರಾಣಿ ಹೊಗೆ ಕೊಡುವ ಕೈ ಬೇಕಿತ್ತು. ಮಾರಕ್ಕನ ಕೈ ಅದಕ್ಕೇ ಹೇಳಿ ಮಾಡಿಸಿದಂತಿತ್ತು.

ವೇಣಿಗೆ ಹೆರಿಗೆಯಾದಾಗಲೂ ಅವಳೇ ಬಂದಳು. ಬಚ್ಚಲಲ್ಲಿ ಕಾಲು ನೀಡಿ ಕುಳಿತು ಕಾಲಿನ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡಳೆಂದರೆ, ಎಣ್ಣೆಯಲ್ಲಿ ಜಾರುವ ಆ ಎಳೆ ಮೈ ಅವಳ ಒಂದೇ ಕೈಯಲ್ಲಿ ನಿಲ್ಲುತ್ತಿತ್ತು. ಇನ್ನೊಂದು ಕೈಯಿಂದ ಮಗುವಿನ ಮೂಗು ನೀವುತ್ತಾ, "ಇದ್ಯಾಕವ್ವ ಮೂಗು ಮಾರ್ತಳ್ಳಿ ಬ್ರಿಡ್ಜ್ ಇದ್ದಂಗೈತೆ? ನೆಟ್ಟಗೆ ಮಾಡಾಣ ಬಾ" ಎನ್ನುವಳು. ಬಚ್ಚಲ ಹಬೆ, ಬಿಸಿನೀರಿನ ಸದ್ದು, ಮಗುವಿನ ಅಳು ನಿಂತು ನಿದ್ದೆಗೆ ಜಾರುವ ಆ ಗಳಿಗೆ, ಇವನ್ನು ನೆನೆದರೆ ಈಗಲೂ ವೇಣಿಯ ಮೈ ಹಗುರಾಗುತ್ತದೆ.

ಅದೇ ದಿನಗಳ ಇನ್ನೊಂದು ನೆನಪು ಮಾತ್ರ ಅಷ್ಟು ಹಿತವಾದದ್ದಲ್ಲ. ಹೆರಿಗೆಯಾಗಿ ಕೆಲವು ತಿಂಗಳಲ್ಲಿ ವೇಣಿಗೆ ಹಾಸಿಗೆಯಿಂದ ಏಳಲಾರದಷ್ಟು ಸುಸ್ತು. ಬೇಸಿಗೆಯಲ್ಲೂ ಚಳಿ. ಬಾಚಣಿಗೆ ತುಂಬ ಕೂದಲು. ಮಗು ಅತ್ತರೆ ತಾನೂ ಅಳುವಳು. ನಿದ್ದೆಗೆಟ್ಟಿದ್ದೀಯ ಅಷ್ಟೆ ಎಂದಳು ಅಮ್ಮ. ಅತಿ ಯೋಚನೆ ಮಾಡ್ತೀಯ ಎಂದ ಬಾಲಾಜಿ. "ಬಾಣಂತಿ ಮೈ ಅಂಗೇ ಕಣವ್ವ, ತಡ್ಕೋ" ಎಂದಳು ಮಾರಕ್ಕ. ಕೊನೆಗೊಂದು ದಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಥೈರಾಯ್ಡ್ ಎಂದರು. ಪುಟ್ಟ ಬಿಳಿ ಮಾತ್ರೆ, ದಿನಕ್ಕೊಂದು. ಕೆಲವು ವಾರಗಳಲ್ಲಿ ಅವಳು ಮತ್ತೆ ಮನುಷ್ಯಳಾದಳು. ಅಂದಿನಿಂದ ಥೈರಾಯ್ಡ್ ವಿಷಯದಲ್ಲಿ "ಕಾಯಿರಿ" ಎಂದವರ ಮಾತನ್ನು ಅವಳು ನಂಬುವುದಿಲ್ಲ.

ಈ ವರ್ಷ, 2014ರ ಚಳಿಯಲ್ಲಿ, ಮಾರಕ್ಕನಿಗೆ ಜ್ವರ ಬಂತು. ಕಷಾಯ ಕುಡಿದು ದಿನ ತಳ್ಳಿದಳು. ಜ್ವರ ಎದೆಗಿಳಿದು ನ್ಯುಮೋನಿಯಾ ಆಗಿ, ಗಂಟಲಿಗೆ ನಳಿಗೆ ಹಾಕಿ ಯಂತ್ರದಿಂದ ಉಸಿರಾಡಿಸುವಷ್ಟಾಯಿತು. ಐಸಿಯು ಹೊರಗಿನ ಬೆಂಚಿನ ಮೇಲೆ ಲೋಕೇಶನ ಜೊತೆ ವೇಣಿಯೂ ಕೂತಳು. ರಕ್ತದ ರಿಪೋರ್ಟಿನಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆ ಎಂದು ಕಂಡದ್ದೇ ತಡ, ವೇಣಿ ಐಸಿಯುವಿನ ಡಾಕ್ಟರ್ ಶಿವಗಂಗಾ ಅವರನ್ನು ತಡೆದು ನಿಲ್ಲಿಸಿ, ಮಾತ್ರೆ ಶುರು ಮಾಡುವುದಿಲ್ಲವೆ ಎಂದು ಕೇಳಿದಳು. ಅವರು ಬಾಗಲಕೋಟೆ ಕಡೆಯವರು, ಮಾತು ಬಿರುಸು, ಮುಖ ಮೃದು.

"ಥೈರಾಯ್ಡ್ ಗ್ರಂಥಿಗೆ ಏನೂ ಆಗಿಲ್ರಿ. ಇಷ್ಟು ದೊಡ್ಡ ಜಡ್ಡು ಬಂದಾಗ ಮೈ ತಾನ ಆ ಹಾರ್ಮೋನ್ ಕಡಿಮಿ ಮಾಡ್ಕೋತದ. ಐಸಿಯುದಾಗ ಭಾಳ ಮಂದಿಗೆ ಹಿಂಗ ಇರ್ತದ" ಎಂದ ಅವರು ಲೋಕೇಶನ ಕಡೆ ತಿರುಗಿದರು. "ನೀವು ನೀರಿನ ಟ್ಯಾಂಕರಿನವರಲ್ಲೇನು? ಲೋ ವೋಲ್ಟೇಜ್ ಇದ್ದಾಗ ಬೋರ್‌ವೆಲ್ ಮೋಟರ್ ಚಾಲೂ ಮಾಡ್ತೀರೇನು?"

"ಇಲ್ಲ ಮೇಡಂ, ಕಾಯಿಲ್ ಸುಟ್ಟೋಯ್ತದೆ."

"ಹಂಗ ಇದೂ. ಈಗ ಗುಳಿಗಿ ಕೊಟ್ಟು ಒತ್ತಾಯ ಮಾಡಿದ್ರ ಹೃದಯಕ್ಕ ಭಾರ. ಆರಾಮಾಗಿ ಎರಡು ತಿಂಗಳಾದ ಮ್ಯಾಲೆ ಮತ್ತ ರಕ್ತ ನೋಡೋಣು. ಅಲ್ಲೀತನಕ ಕಾಯ್ರಿ."

ಲೋಕೇಶನಿಗೆ ಸಮಾಧಾನವಾಯಿತು. ವೇಣಿಯ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ.

ಮನೆಗೆ ಬಂದ ಮಾರಕ್ಕ ಹಗಲೆಲ್ಲ ಮಲಗುತ್ತಿದ್ದಳು. ಮುಖ ಊದಿತ್ತು, ಕೈ ತಣ್ಣಗೆ, ದನಿ ಒಡೆದಿತ್ತು. ನಳಿಗೆ ಹಾಕಿದ ಗಂಟಲು ಕೆಲವು ದಿನ ಹಾಗೇ ಇರುತ್ತದೆ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಆದರೆ ವೇಣಿಗೆ ಆ ಮುಖದಲ್ಲಿ ಕಂಡದ್ದು ತನ್ನದೇ ಹಳೆಯ ಮುಖ. ತನ್ನ ಡಬ್ಬಿಯಿಂದ ಒಂದಷ್ಟು ಮಾತ್ರೆಗಳನ್ನು ಪುಟ್ಟ ಕುಂಕುಮದ ಭರಣಿಗೆ ಸುರಿದು ಒಯ್ದುಕೊಟ್ಟಳು.

"ಬೆಳಗ್ಗೆ ಎದ್ದ ತಕ್ಷಣ ಒಂದು, ಖಾಲಿ ಹೊಟ್ಟೇಲಿ. ಲೋಕೇಶಂಗೆ ಹೇಳ್ಬೇಡ ಮಾರಕ್ಕ, ಅವನಿಗೆ ಆ ಡಾಕ್ಟರ್ ಹೇಳಿದ್ದೇ ವೇದ."

ಮಾರಕ್ಕ ಏನನ್ನೂ ಕೇಳಲಿಲ್ಲ. "ಆವತ್ತು ನೀ ಸುಸ್ತು ಅಂತ ಅತ್ರೆ ನಾನ್ ನಂಬ್ನಿಲ್ಲ. ಇವತ್ತು ನೀ ಏಳಿದ್ದು ನಾ ಕೇಳ್ಬೇಕು. ತತ್ತಾ" ಎಂದು ಭರಣಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಅದಾದ ಎರಡನೇ ವಾರಕ್ಕೆ ಈ ಎದೆಬಡಿತ. ಡಾಕ್ಟರರ ನಂಬರು ವೇಣಿಯ ಫೋನಿನಲ್ಲಿತ್ತು. ಬೆಳಗಿನಿಂದ ಎಷ್ಟೋ ಸಲ ತೆಗೆದು ನೋಡಿ ಇಟ್ಟಿದ್ದಳು. ಓದಿದವರು ಹೀಗೆ ಮಾಡೋದಾ ಎನ್ನುತ್ತಾರೆ. ಲೋಕೇಶನಿಗೆ ಗೊತ್ತಾಗುತ್ತದೆ. ಬಹುಶಃ ಮಾತ್ರೆಯದ್ದೇನೂ ಇಲ್ಲ, ಸುಮ್ಮನೆ ನಿಶ್ಶಕ್ತಿ. ಒಂದು ಸಲ ಕಣ್ಣಾರೆ ನೋಡಿ ಬಂದರೆ ಸರಿಹೋಗುತ್ತದೆ ಎಂದುಕೊಂಡು, ಮಧ್ಯಾಹ್ನ ಮಗಳನ್ನು ಸೊಂಟಕ್ಕೇರಿಸಿಕೊಂಡು ಬೆಳ್ಳಂದೂರು ಊರೊಳಗಿನ ಮಾರಕ್ಕನ ಮನೆಗೆ ಹೋದಳು.

ಮಾರಕ್ಕ ಬಾಗಿಲಲ್ಲೇ ಗೋಡೆಗೊರಗಿ ಕುಳಿತಿದ್ದಳು. ಮುಖ ಬಾಡಿದ್ದರೂ ಕಣ್ಣು ಮಾತ್ರ ವಿಪರೀತ ಚುರುಕಾಗಿತ್ತು. ಮಗುವನ್ನು ಕಂಡು ಎರಡೂ ಕೈ ಚಾಚಿದಳು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿದ್ದವು. ತಾನೇ ಅದನ್ನು ನೋಡಿ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಬ್ಯಾಡ ಪಾಪ. ಜಾರಿಸ್ಬಿಟ್ರೆ ಏನ್ ಗತಿ."

ಇಷ್ಟು ವರ್ಷಗಳಲ್ಲಿ ಆ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು.

"ಮಾರಕ್ಕ, ಮಾತ್ರೆ ತಗೋತಿದ್ಯಾ?"

"ಊಂ, ತಪ್ಪಿಲ್ಲ. ಬಿರ್ರನೆ ವಾಸಿಯಾಗ್ಲಿ ಅಂತ ಸಂಜೀಕೂ ಒಂದು ನುಂಗ್ತಿದೀನಿ. ಮುಗೀತಾ ಬಂತು, ಇನ್ನೊಂದಷ್ಟು ತಂದ್ಯಾ?"

ವೇಣಿ ಮಗಳನ್ನು ನೆಲದ ಮೇಲೆ ಕೂರಿಸಿದಳು. ಫೋನ್ ತೆಗೆದು, ಈ ಸಲ ಒತ್ತಿಯೇಬಿಟ್ಟಳು.

"ಹಲೋ, ಯಾರ್ರಿ?"

"ಮೇಡಂ, ನಾನು ವೇಣಿ. ಬೆಳ್ಳಂದೂರಿನ ಮಾರಕ್ಕ, ಲೋಕೇಶ್ ಅವರ ತಾಯಿ…"

"ಹೂಂ, ನೆನಪದ. ಹೆಂಗದಾರ?"

ಮಾತ್ರೆಯ ವಿಷಯ ಬಿಟ್ಟು ಬೇರೆಯೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು. "ನನ್ನ ಥೈರಾಯ್ಡ್ ಮಾತ್ರೆ ಅವರಿಗೆ ಕೊಟ್ಟೆ ಮೇಡಂ. ನೀವು ಬೇಡ ಅಂದಿದ್ರಿ, ಆದ್ರೂ ಕೊಟ್ಟೆ. ದಿನಕ್ಕೊಂದು ಅಂತ ಹೇಳಿದ್ದೆ, ಎರಡೆರಡು ತಗೊಂಡಿದಾರೆ. ಎದೆ ಹೊಡ್ಕೋತಿದೆ, ಕೈ ನಡುಗ್ತಿದೆ."

ಡಾಕ್ಟರು ನೇರ ಪ್ರಶ್ನೆಗೇ ಬಂದರು.

"ಎದಿ ನೋವು ಅದ ಏನು? ಉಸಿರಿಗೆ ತ್ರಾಸ?"

ವೇಣಿ ಕೇಳಿದಳು. "ನೋವಿಲ್ಲ, ಉಸ್ರೂ ಆಡ್ತೈತೆ ಅಂತ ಏಳು" ಎಂದ ಮಾರಕ್ಕ ದನಿ ತಗ್ಗಿಸಿ, "ಬಯ್ತಾವ್ರಾ?" ಎಂದಳು.

"ಗುಳಿಗಿ ಇವತ್ತಿಂದ ಬಂದ್. ಈಗಿಂದೀಗ ಕರ್ಕೊಂಡ್ ಬರ್ರಿ, ಇಸಿಜಿ ತಗೀಬೇಕು. ಹೊತ್ತಿಗೆ ಸರಿಯಾಗಿ ಹೇಳೀರಿ, ಸುಧಾರಿಸ್ತದ. ಬಯ್ಯೂದು ಆಮ್ಯಾಲೆ. ಅವರ ಮಗಗ ನೀವ ಹೇಳ್ಬೇಕ್ ನೋಡ್ರಿ."

"ಹೇಳ್ತೀನಿ ಮೇಡಂ."

"ಆಸ್ಪತ್ರೆಗೆ ಈ ಸೀರೇಲಾ?" ಎನ್ನುತ್ತಾ ಮಾರಕ್ಕ ಗೋಡೆ ಹಿಡಿದು ಏಳಲು ಹೊರಟಿದ್ದಳು. ವೇಣಿ ಅವಳ ತೋಳಿನಡಿ ಕೈ ಕೊಟ್ಟು, ಫೋನನ್ನು ಭುಜಕ್ಕೆ ಒತ್ತಿಕೊಂಡು, "ಹೊರಟ್ವಿ ಮೇಡಂ" ಎಂದಳು.