ಕೆಳಗಿಳಿಸಿದ ಪಾತ್ರೆಗಳು

ಗೂಡ್ಸ್ ರೈಲು ಹೋದಾಗಲೆಲ್ಲ ನಮ್ಮ ಅಡುಗೆಮನೆಯ ಹಲಗೆಯ ಮೇಲಿನ ಪಾತ್ರೆಗಳು ಸಣ್ಣಗೆ ಸದ್ದು ಮಾಡುತ್ತವೆ. ಬಂಗಾರಪೇಟೆಯಲ್ಲಿ ಹಳಿಗೆ ಇಷ್ಟು ಹತ್ತಿರ ಮನೆ ಮಾಡಿದ ಮೇಲೆ ಅದು ಇದ್ದದ್ದೇ. ಸ್ಟೀಲಿನ ಡಬ್ಬಿಗಳ ಸದ್ದು ಬೇರೆ, ಕೊನೆಯಲ್ಲಿರುವ ಹಿತ್ತಾಳೆ ತಪ್ಪಲೆಯ ಸದ್ದು ಬೇರೆ. ಅದರ ಅಂಚು ಒಂದು ಕಡೆ ನೆಗ್ಗಿದೆ, ಮುಚ್ಚಿದ ತಟ್ಟೆ ಸರಿಯಾಗಿ ಕೂರುವುದಿಲ್ಲ. ಮೊನ್ನೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ. ರೈಲು ಬಂತು. ತಟ್ಟೆ ಟಣಟಣ ಅಂದಿತು. ನಾನು ಏನೂ ಯೋಚಿಸದೆ ಆ ತಪ್ಪಲೆಯನ್ನು ಎತ್ತಿ ನೆಲದ ಮೇಲಿಟ್ಟೆ. ಇಟ್ಟ ಮೇಲೆ ಯಾಕೆ ಇಟ್ಟೆ ಎಂಬುದು ನೆನಪಾಯಿತು...

ಅದು ಊರಿಗಾಂನ ದೊಡ್ಡಮ್ಮನ ತಪ್ಪಲೆ. ಸ್ವಂತ ದೊಡ್ಡಮ್ಮನಲ್ಲ, ಪಕ್ಕದ ಮನೆಯಾಕೆ. ಅರವತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಅಲ್ಲಿನ ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳ ಲೈನಿಗೆ ಬಂದಾಗ, ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಒಗ್ಗರಣೆ ಹಾಕಿದರೆ ಆಕೆ ಆ ಕಡೆಯಿಂದ ಸೀನುತ್ತಿದ್ದಳು. ಸೀನಿದ ಮೇಲೆ, "ಬೆಳ್ಳುಳ್ಳಿ ಸೀದೋಯ್ತು ನೋಡೇ," ಅನ್ನುತ್ತಿದ್ದಳು. ಹೇಳಿದಂತೆ ಸೀದಿರುತ್ತಿತ್ತು.

ಆಕೆಯ ಗಂಡ ಗಣಿಯಲ್ಲಿ ಮೇಸ್ತ್ರಿ. ಭೂಮಿಯೊಳಗೆ ಕೊರೆದ ಕಡೆ ಮೇಲಿನ ಬಂಡೆ ಬೀಳದ ಹಾಗೆ ಮರದ ದಿಮ್ಮಿ ನಿಲ್ಲಿಸುವ ಕೆಲಸ. ಆಳದಲ್ಲಿ ಕೆಲವೊಮ್ಮೆ ಬಂಡೆ ತಾನಾಗಿ ಸಿಡಿಯುತ್ತಿತ್ತು. ಆಗ ಮೇಲೆ ನಮ್ಮ ಮನೆಗಳು ಅದುರುತ್ತಿದ್ದವು, ಹಲಗೆಯ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಗುತ್ತಿದ್ದವು. ಹಾಗೆ ಸಿಡಿದಾಗ ಮೇಸ್ತ್ರಿ ತನ್ನ ಗುಂಪಿನವರನ್ನು ದೂರದಲ್ಲಿ ಕೂರಿಸಿಬಿಡುತ್ತಿದ್ದರಂತೆ. "ಬಂಡೆ ಇನ್ನೂ ಕೂತಿಲ್ಲ ಕಣ್ರಲಾ," ಅನ್ನುವರಂತೆ. ಮೇಲಿನವರು ಎಷ್ಟು ಅವಸರ ಮಾಡಿದರೂ ಒಬ್ಬನನ್ನೂ ಒಳಕ್ಕೆ ಬಿಡುತ್ತಿರಲಿಲ್ಲ. ಇದನ್ನು ನನ್ನ ಯಜಮಾನರು ಎಷ್ಟೋ ಸಲ ಹೇಳಿದ್ದರು. ಅವರು ಇನ್ನೊಂದು ಪಾಳಿಯಲ್ಲಿದ್ದರು.

ದೊಡ್ಡಮ್ಮ ಅದನ್ನೇ ಮನೆಗೂ ತಂದುಕೊಂಡಿದ್ದಳು. ಮನೆ ಒಮ್ಮೆ ಅದುರಿತು ಎಂದರೆ ಸಾಕು, ಹಲಗೆಯ ಮೇಲಿನ ಕೊಡ, ತಪ್ಪಲೆ, ಕಂಚಿನ ತಟ್ಟೆ ಎಲ್ಲವನ್ನೂ ಕೆಳಗಿಳಿಸಿ ಗೋಡೆಗೆ ಒತ್ತಿ ಸಾಲಾಗಿ ಇಡುತ್ತಿದ್ದಳು. ಪಾಳಿ ಮುಗಿದ ಸೈರನ್ ಕೂಗಿ ಗಂಡಸರು ಮನೆ ಸೇರುವ ತನಕ ಅವನ್ನು ಮೇಲೆತ್ತುತ್ತಿರಲಿಲ್ಲ. ಸೈರನ್ನಿಗೆ ಲೈನಿನಲ್ಲಿ ತಮಿಳರ ಹಾಗೆ ಎಲ್ಲರೂ ಸಂಗು ಎನ್ನುತ್ತಿದ್ದರು. ನಾನು ಬಂದ ಹೊಸದರಲ್ಲಿ ಒಂದು ಸಲ ಅದುರಿದ್ದಕ್ಕೆ, "ರೈಲು ಓಯ್ತಾ ದೊಡ್ಡಮ್ಮಾ?" ಎಂದು ಕೇಳಿದ್ದೆ. ಆಕೆ ನಗುತ್ತ ಗೋಡೆ ಹಿಡಿದುಕೊಂಡಳು.

"ಬಂಗಾರಪೇಟೆ ಸ್ಟೇಷನ್ನಾಗೆ ಉಟ್ಟಿದೋಳು ಬಂದವ್ಳೆ ನೋಡ್ರೇ. ಇಲ್ಲಿ ಓಗೋದು ರೈಲಲ್ಲ ಕಣೇ, ಬಂಡೆ. ಇಳ್ಸು, ಪಾತ್ರೆ ಇಳ್ಸು. ಇನ್ನೊಂದು ಬತ್ತೈತೆ."

ಇನ್ನೊಂದು ಯಾವಾಗಲೂ ಬರುತ್ತಿತ್ತು ಎಂದಲ್ಲ. ಆದರೂ ಇಳಿಸುತ್ತಿದ್ದೆವು.

ಅದೊಂದು ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದೆವು. ದೊಡ್ಡಮ್ಮ ತಪ್ಪಲೆ ತುಂಬಿಸಿ ಎಡಗಡೆ ಸೊಂಟಕ್ಕೆ ಏರಿಸಿಕೊಂಡಳು. ಎರಡು ಹೆಜ್ಜೆ ಹಾಕಿರಬೇಕು. ತಪ್ಪಲೆ ಜಾರಿ ಕಲ್ಲಿನ ಮೇಲೆ ಬಿತ್ತು. ನೀರೆಲ್ಲ ಚೆಲ್ಲಿತು. ಆಕೆ ಬಗ್ಗಲಿಲ್ಲ, ತನ್ನ ಎಡಗೈಯನ್ನೇ ನೋಡುತ್ತಿದ್ದಳು. "ಯಾರೋ ಕೈ ಕಿತ್ಕಂಡಂಗಾಯ್ತು," ಅಂದಳು. ಆ ಮಾತು ಮುಗಿಯುವಷ್ಟರಲ್ಲಿ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ನಾನು ತೋಳಿಗೆ ಕೈ ಕೊಟ್ಟೆ, ಎಡಗಾಲು ನಿಲ್ಲಲಿಲ್ಲ. ಇಬ್ಬರೂ ಒದ್ದೆ ನೆಲದ ಮೇಲೆ ಕೂತುಬಿಟ್ಟೆವು.

ಜಟಕಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಲಕ್ವ ಎಂದು ನಮಗೆಲ್ಲ ಗೊತ್ತಿತ್ತು. ಡಾಕ್ಟರು ವಯಸ್ಸಾದವರು, ನಿಧಾನವಾಗಿ ಹೇಳುವವರು. ತಲೆಯೊಳಗೆ ರಕ್ತ ಹರಿಯುವ ನಾಳ ಕಟ್ಟಿಕೊಂಡಿದೆ, ಅಷ್ಟು ಭಾಗಕ್ಕೆ ಪೆಟ್ಟಾಗಿದೆ ಎಂದರು. ಮೇಸ್ತ್ರಿ ಪಾಳಿಯ ಬಟ್ಟೆಯಲ್ಲೇ ಓಡಿ ಬಂದಿದ್ದರು. ವಾಸಿಯಾಗುತ್ತಾ ಎಂದು ಕೇಳಿದರು.

"ಕಾಲು ಉಳುಕಿದ್ರೆ ಆವತ್ತಿಗಿಂತ ಮಾರನೇ ದಿನ ಜಾಸ್ತಿ ಊದಿಕೊಳ್ಳುತ್ತಲ್ಲ ಮೇಸ್ತ್ರಿ? ಕೆಟ್ಟಿದ್ದನ್ನ ಸರಿಮಾಡೋಕೆ ಮೈಯೇ ರಕ್ತ, ನೀರು ಎಲ್ಲಾ ಅಲ್ಲಿಗೆ ಕಳಿಸುತ್ತೆ. ಅದಕ್ಕೇ ಬಾವು. ಮಿದುಳಿಗೂ ಹಾಗೇ ಬಾವು ಬರುತ್ತೆ. ಕಾಲಿಗಾದ್ರೆ ಊದೋಕೆ ಜಾಗ ಇದೆ. ಬುರುಡೆಯೊಳಗೆ ಎಲ್ಲಿದೆ ಜಾಗ? ಇನ್ನು ನಾಲ್ಕೈದು ದಿನ ಕಳೀಲಿ. ಅಲ್ಲೀವರೆಗೂ ಅಲುಗಾಡಿಸಬೇಡಿ."

ಮೇಸ್ತ್ರಿ ತಲೆಯಾಡಿಸಿದರು. ಅವರಿಗೆ ಅರ್ಥವಾಯಿತು ಎಂದೇ ನಾನು ಅಂದುಕೊಂಡೆ. ಅಂಥ ಮಾತು ಅರ್ಥವಾಗುವ ಮನುಷ್ಯ ಆ ಲೈನಿನಲ್ಲಿ ಇದ್ದದ್ದು ಅವರೊಬ್ಬರೇ.

ಮಾರನೇ ದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ದೊಡ್ಡಮ್ಮ ಎಚ್ಚರವಾಗಿದ್ದಳು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ಕಾಮಸಮುದ್ರದಿಂದ ಆಕೆಯ ತಮ್ಮ ಮೊದಲ ಬಸ್ಸಿಗೆ ಬಂದಿದ್ದ. ಮಂಚದ ಕೆಳಗೆ ಒಂದು ಬುಟ್ಟಿ, ಮೇಲೆ ಟವಲು ಕಟ್ಟಿತ್ತು, ಒಳಗೆ ಏನೋ ಗುಟುರು ಹಾಕುತ್ತಿತ್ತು. ಲಕ್ವ ಹೊಡೆದ ಕೈಕಾಲಿಗೆ ಪಾರಿವಾಳದ ಬಿಸಿ ರಕ್ತ ತಿಕ್ಕಿದರೆ ಜೀವ ಬರುತ್ತದೆ ಎಂದು ಆ ಕಡೆ ಎಲ್ಲರೂ ಮಾಡುತ್ತಿದ್ದರು. ಆಸ್ಪತ್ರೆಯಲ್ಲಿ ಅದನ್ನು ಮಾಡಲು ಬಿಡುವುದಿಲ್ಲ. ಅದಕ್ಕೆ ಮನೆಗೆ ಕರೆದುಕೊಂಡು ಹೋಗಬೇಕು, ತಡಮಾಡಿದರೆ ಫಲವಿಲ್ಲ ಎಂದು ಆತ ಹಟ ಹಿಡಿದಿದ್ದ.

"ಬಾವ, ಇವತ್ತೇ ಆಗ್ಬೇಕು. ನಮ್ಮೂರ ಪಟೇಲನ ತಾಯಿ ಇಂಗೇ ಎದ್ದು ಓಡಾಡಿದ್ಲು."

ದೊಡ್ಡಮ್ಮ ಸೊಟ್ಟ ಬಾಯಲ್ಲೇ, "ನಂಗ್ಯಾಕಲಾ ಪಾರಿವಾಳ? ಸಾರು ಮಾಡ್ಕಂಡು ನೀನೇ ಉಣ್ಣೋಗು, ಬಡಕಲಾಗಿದ್ದೀಯ," ಅಂದಳು. ಪಕ್ಕದ ಮಂಚದ ತಮಿಳಿನ ಹೆಂಗಸೂ ನಕ್ಕಳು. ಆಮೇಲೆ ದೊಡ್ಡಮ್ಮ ನನ್ನ ಕಡೆ ತಿರುಗಿ, ನಗದೆ ಕೇಳಿದಳು.

"ಪಾತ್ರೆ ಇಳ್ಸಿದ್ಯೇನೇ?"

"ಬಂಡೆ ಸಿಡೀಲಿಲ್ಲವಲ್ಲ ದೊಡ್ಡಮ್ಮಾ."

"ಸಿಡೀತು ಕಣೇ. ನಿಂಗೆ ಕೇಳಿಸ್ಲಿಲ್ಲ, ಅಷ್ಟೇ. ಇನ್ನೊಂದು ಬತ್ತೈತೆ. ಓಗಿ ಇಳ್ಸು."

ಮೇಸ್ತ್ರಿಯ ಮುಖ ಅರಳಿತು. ರಾತ್ರಿಯೆಲ್ಲ ಬಾಗಿಲಲ್ಲಿ ಕೂತಿದ್ದ ಮನುಷ್ಯ. "ನೋಡಿದ್ಯೇನಯ್ಯಾ," ಎಂದು ಬಾಮೈದನ ಹೆಗಲು ತಟ್ಟಿದರು, "ಆಗ್ಲೇ ಪಾತ್ರೆ ಪಡಗ ಇಚಾರ ಮಾತಾಡ್ತಾವ್ಳೆ. ನಿಮ್ಮಕ್ಕ ಗಟ್ಟಿ ಕಣಯ್ಯಾ. ಮನೆಗೋಗಾನ."

ನಾನು ಗಂಜಿ ಕುಡಿಸಿ ಲೈನಿಗೆ ಬಂದೆ. ಅವರ ಮನೆ ಬೀಗದಕೈ ನನ್ನ ಹತ್ತಿರವೇ ಇತ್ತು. ಒಳಗೆ ಹೋಗಿ ಹಲಗೆಯ ಮೇಲಿನ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಆಕೆ ಇಡುವಂತೆಯೇ ಗೋಡೆಗೆ ಒತ್ತಿ ಇಟ್ಟೆ. ನೆಗ್ಗಿದ ತಪ್ಪಲೆಯನ್ನು ಕೊನೆಗೆ ಇಟ್ಟೆ. ಆಕೆ ಹೇಳಿದ್ದಳು, ಇಳಿಸಿದೆ. ಅದಕ್ಕಿಂತ ಹೆಚ್ಚಿನದೇನೂ ಆಗ ನನ್ನ ತಲೆಯಲ್ಲಿ ಇರಲಿಲ್ಲ.

ಡಾಕ್ಟರು ಬೇಡವೆಂದೇ ಹೇಳಿದರಂತೆ. ಮೇಸ್ತ್ರಿ ಕೈಮುಗಿದು, "ಚೆನ್ನಾಗಿ ಮಾತಾಡ್ತಾವ್ಳೆ ಸಾಮಿ," ಎಂದಷ್ಟೇ ಹೇಳಿದರಂತೆ. ಆಕೆ ಬರುವ ಮೊದಲು ಮೇಸ್ತ್ರಿ ಮಂಚ ಹಾಕಲು ಮನೆಗೆ ಬಂದರು. ನೆಲದ ಮೇಲಿನ ಸಾಲನ್ನು ನೋಡಿದರು.

"ಎತ್ತಿಡಮ್ಮಾ, ಮಂಚಕ್ಕೆ ಜಾಗ ಇಲ್ಲ," ಎಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರೇ ಬಗ್ಗಿ ಎತ್ತಿಡತೊಡಗಿದರು, ನಾನು ಕೈಗೆ ಕೊಟ್ಟೆ.

ಇಬ್ಬರು ಹೊತ್ತು ತಂದು ಮಲಗಿಸಿದಾಗ ದೊಡ್ಡಮ್ಮ ಮೊದಲು ನೋಡಿದ್ದು ಹಲಗೆಯ ಕಡೆಗೆ.

"ಯಾರು ಎತ್ತಿಟ್ಟೋರು?"

"ನಾನೇ," ಎಂದರು ಮೇಸ್ತ್ರಿ.

"ನೀನಾ..." ಅಂದಳು.

ಪಾರಿವಾಳವನ್ನು ಹಿತ್ತಲಿನಲ್ಲಿ ಕೊಯ್ದರು. ತಮ್ಮನೇ ಆಕೆಯ ಕೈಗೆ, ಕಾಲಿಗೆ ತಿಕ್ಕಿ, ಹರಳೆಲೆ ಸುತ್ತಿ, ಹಳೇ ಪಂಚೆ ಹರಿದು ಕಟ್ಟಿದ. ಆಕೆ ಬೇಡ ಎನ್ನಲಿಲ್ಲ. ಬೆರಳು ಮಡಿಸು ಅಕ್ಕಾ ಎಂದರೆ ಬೆರಳನ್ನು ನೋಡುತ್ತಿದ್ದಳು. ಬಂದು ಹೋಗುವವರು, ಕಾಫಿ, ಮಾತು. ಲೈನಿನ ಅರ್ಧ ಜನ ಒಂದು ಕೋಣೆಯಲ್ಲಿದ್ದರು.

ಮರುದಿನ ಮಧ್ಯಾಹ್ನ ತಲೆನೋವು ಅಂದಳು. ವಾಂತಿಯಾಯಿತು. ರಾತ್ರಿ ನಿದ್ದೆಯಿಲ್ಲ, ಮಲಗಲಿ ಎಂದರು ಯಾರೋ. ಮಲಗಿದಳು. ನಾನು ಮುದ್ದೆ ಬೇಯಿಸಿ ಬಂದು ನೋಡಿದರೆ ಗೊರಕೆ ಬೇರೆ ಥರ ಇತ್ತು. ಕರೆದೆ, ಭುಜ ಅಲುಗಿಸಿದೆ, ನೀರು ಚಿಮುಕಿಸಿದೆ. ಒಂದು ಕಣ್ಣು ಅರ್ಧ ತೆರೆಯಿತು, ಅದು ನನ್ನನ್ನು ನೋಡುತ್ತಿರಲಿಲ್ಲ. ಗೋಡೆಯಾಚೆ ನಮ್ಮ ಮನೆಯಲ್ಲಿ ಮುದ್ದೆ ತಣ್ಣಗಾಗುತ್ತಿತ್ತು. ಯಾಕೋ ಅದೇ ನೆನಪಿದೆ.

ಮತ್ತೆ ಅದೇ ಜಟಕಾ, ಅದೇ ಡಾಕ್ಟರು. ಅವರು ಬೈಯಲಿಲ್ಲ. ಹರಳೆಲೆ ಬಿಚ್ಚಿ ಪಕ್ಕಕ್ಕಿಟ್ಟು, ಕಣ್ಣಿಗೆ ಟಾರ್ಚು ಹಾಕಿ ನೋಡಿ, ಬಾವು ಬಂದಿದೆ ಎಂದರು. ಸೂಜಿ ಕೊಟ್ಟರು, ತಲೆದಿಂಬು ಎತ್ತರಿಸಿದರು.

ಕೆಲವು ದಿನ ಹಾಗೇ ಇದ್ದಳು. ಆಮೇಲೆ ಬಾವು ಇಳಿಯಿತಂತೆ, ಕಣ್ಣು ತೆರೆದಳು. ನನ್ನನ್ನು ಗುರುತು ಹಿಡಿದಳು ಎಂದೇ ನನಗೆ ಅನ್ನಿಸಿತು. ಮೇಸ್ತ್ರಿ ಆವತ್ತು ನನ್ನ ಯಜಮಾನರಿಗೆ ಬೀಡಿ ಕೊಟ್ಟು ತಾವೂ ಒಂದು ಹಚ್ಚಿಕೊಂಡರು. ಮೊದಲಿನಂತೆ ಮನೆಗೋಗಾನ ಎಂದು ಈ ಸಲ ಯಾರೂ ಅನ್ನಲಿಲ್ಲ. ಎರಡನೇದೂ ಮುಗಿಯಿತು ಎಂದು ನಾವೆಲ್ಲ ಮನಸ್ಸಿನಲ್ಲೇ ಅಂದುಕೊಂಡಿದ್ದೆವು.

ಜ್ವರ ಬಂದದ್ದು ಆಮೇಲೆ. ಎದೆಯಲ್ಲಿ ಕಫ ಕಟ್ಟಿ ಗೊರಗೊರ ಎನ್ನುತ್ತಿತ್ತು. ತಲೆಗೆ ಬಂದ ರೋಗಕ್ಕೆ ಎದೆ ಯಾಕೆ ಕೆಟ್ಟಿತು ಎಂದು ಕೇಳಿದ್ದು ನಾನೇ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಮಲಗಿದೋರಿಗೆ ನುಂಗಿದ್ದು ದಾರಿ ತಪ್ಪಿ ಎದೆಗೆ ಇಳಿಯುತ್ತಮ್ಮ. ಅದೊಂದೇ ಅಲ್ಲ. ತಲೆಗೆ ಇಂಥ ಪೆಟ್ಟಾದ ಮೇಲೆ ಮೈಗೆ ಬೇರೆ ರೋಗ ತಡೆಯೋ ಶಕ್ತಿನೇ ಕುಗ್ಗಿದ ಹಾಗೆ ಕಾಣುತ್ತೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

ತಲೆಯೊಳಗೆ ಸರಿಮಾಡಲೆಂದು ಬೇಡದಷ್ಟು ಜನ ನುಗ್ಗಿದ್ದರು, ಎದೆಯ ಬಾಗಿಲಿಗೆ ಕಾವಲಿರಲಿಲ್ಲ. ನಾನು ಹಾಗೆ ಅರ್ಥ ಮಾಡಿಕೊಂಡೆ. ಸರಿಯೋ ತಪ್ಪೋ...

ಮಧ್ಯಾಹ್ನದ ಪಾಳಿಯ ಸಂಗು ಕೂಗುವಾಗ ಹೋದಳು. ಮೇಸ್ತ್ರಿ ಅಳಲಿಲ್ಲ. ಡಾಕ್ಟರ ಹಿಂದೆಯೇ ಹಜಾರದ ಕೊನೆಯವರೆಗೆ ಹೋಗಿ ಕೇಳಿದರು.

"ಇಲ್ಲೇ ಬಿಟ್ಟಿದ್ರೆ ಉಳೀತಿದ್ಲಾ ಸಾಮಿ?"

"ಇಲ್ಲಿದ್ರೂ ಬಾವು ಬರ್ತಿತ್ತು ಮೇಸ್ತ್ರಿ. ಬೇಗ ಗೊತ್ತಾಗ್ತಿತ್ತು. ಉಳೀತಿದ್ರಾ ಅಂದ್ರೆ... ಹೇಳೋಕಾಗಲ್ಲ."

ಮೇಸ್ತ್ರಿ ವಾಪಸು ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. "ಬಂಡೆ ಕೂರ್ಲಿ ಅಂತ ಊರ ಮಕ್ಕಳ್ನೆಲ್ಲಾ ಕಾಯಿಸ್ತಿದ್ದೆ ಕಣಮ್ಮ," ಎಂದರು.

ಮಣ್ಣು ಮಾಡಿ ಬಂದ ಸಂಜೆ ಅವರು ಸ್ನಾನ ಮಾಡಿ, ಒದ್ದೆ ಟವಲಿನಲ್ಲೇ ಹಲಗೆಯ ಮುಂದೆ ನಿಂತು, ಪಾತ್ರೆಗಳನ್ನೆಲ್ಲ ಕೆಳಗಿಳಿಸಿದರು. ಯಾರೂ ತಡೆಯಲಿಲ್ಲ. ತಿಥಿ ಕಳೆಯಿತು, ಅವು ಮೇಲಕ್ಕೆ ಹೋಗಲಿಲ್ಲ. ಕೆಲಸದಿಂದ ನಿವೃತ್ತರಾಗುವ ತನಕವೂ ಆ ಮನೆಯಲ್ಲಿ ಹಲಗೆ ಖಾಲಿ, ಪಾತ್ರೆಗಳು ನೆಲದಲ್ಲಿ. ನಾನು ಸಾರು ಕೊಡಲು ಹೋದಾಗಲೆಲ್ಲ ಕಾಲು ಸರಿಸಿಕೊಂಡು ನಡೆಯುತ್ತಿದ್ದೆ. ಕೊನೆಗೆ ಬಾಮೈದನ ಜೊತೆ ಕಾಮಸಮುದ್ರಕ್ಕೆ ಹೊರಟಾಗ, ಈ ತಪ್ಪಲೆಯನ್ನು ಗೋಡೆಯ ಈ ಕಡೆಗೆ ತಂದು ನಮ್ಮ ಹೊಸಿಲ ಹತ್ತಿರ, ಕೆಳಗೆ, ಇಟ್ಟು ಹೋದರು. ಅವರೂ ತೀರಿಹೋಗಿ ವರ್ಷಗಳಾದವು. ಆ ಲೈನಿನಲ್ಲಿ ಈಗ ದೊಡ್ಡಮ್ಮ ಎಂದರೆ ಯಾರು ಎನ್ನುವವರೇ ಎಲ್ಲ.

ಅಂಚನ್ನು ತಟ್ಟಿಸಿ ಸರಿಮಾಡಿಸು ಎಂದು ಪಾತ್ರೆಯವನು ಬಂದಾಗಲೆಲ್ಲ ಹೇಳುತ್ತಾನೆ. ಮಾಡಿಸಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅಳುವೂ ಬರುವುದಿಲ್ಲ, ಆಗಲೂ ಬರಲಿಲ್ಲ. ಬೆಳ್ಳುಳ್ಳಿ ಸೀದಾಗ ಮಾತ್ರ ಗೋಡೆಯ ಕಡೆ ಕಿವಿ ಹೋಗುತ್ತದೆ. ಆಚೆಗೆ ಇರುವುದು ರೈಲು ಹಳಿ.

ಮೊನ್ನೆ ಸಂಜೆ ನಮ್ಮ ಯಜಮಾನರು ನೀರು ಕುಡಿಯಲು ಅಡುಗೆಮನೆಗೆ ಬಂದರು. ನೆಲದ ಮೇಲಿದ್ದ ತಪ್ಪಲೆಯನ್ನು ನೋಡಿದರು. ಅದರ ಪಕ್ಕಕ್ಕೆ ಸರಿದು ಸುತ್ತಿಕೊಂಡು ಹೋಗಿ, ನೀರು ಕುಡಿದು, ಹಾಗೆಯೇ ಸುತ್ತಿಕೊಂಡು ಹೊರಗೆ ಹೋದರು.